ಬಾತುಕೋಳಿಯ ನಿದ್ರಾಹೀನತೆಯೂ ನಮ್ಮ ಮಕ್ಕಳ ನಿದ್ರೆಯೂ

ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ಆಯುರ್ವೇದವು ಶರೀರವನ್ನು ಹೊತ್ತು ನಿಲ್ಲಿಸುವ ಉಪಸ್ತಂಭಗಳೆಂದು ಕರೆದಿದೆ. ಮಕ್ಕಳ ಆಹಾರದ ವಿಷಯದಲ್ಲಿ ನಮ್ಮ ತಾಯಂದಿರು ವಹಿಸುವ ಕಾಳಜಿ ಸಾಮಾನ್ಯವಾದುದಲ್ಲ. ಒಂದು ಹೊತ್ತು ಉಣ್ಣದಿದ್ದರೆ ತಟ್ಟೆ ಹಿಡಿದು ಓಣಿಯುದ್ದಕ್ಕೂ ಮಗುವಿನ ಬೆನ್ನು ಹತ್ತುತ್ತಾರೆ. ಅದೇ ಮಗು ರಾತ್ರಿ ಹನ್ನೊಂದಾದರೂ ಕಣ್ಣು ಬಿಟ್ಟುಕೊಂಡು ಮೊಬೈಲಿನ ಬೆಳಕಿನಲ್ಲಿ ಮಲಗಿದ್ದರೆ ಮನೆಯಲ್ಲಿ ಯಾರಿಗೂ ಆತಂಕವಾಗುವುದಿಲ್ಲ. ‘ನಿದ್ದೆ ಬಂದಾಗ ತಾನೇ ಮಲಗುತ್ತದೆ’ ಎಂಬ ಮಾತು ಮಾಸೂರಿನಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಈಗ ಸಾಮಾನ್ಯವಾಗಿದೆ. ಮಗುವಿನ ಕೈಯಲ್ಲಿರುವುದು ಬಹುಮಟ್ಟಿಗೆ ಕಾರ್ಟೂನು. ಆದ್ದರಿಂದ ನಿದ್ರೆಯ ವಿಚಾರವನ್ನು ಕಾರ್ಟೂನಿನಿಂದಲೇ ಆರಂಭಿಸುವುದು ಯೋಗ್ಯ.

ಮಕ್ಕಳ ಕಾರ್ಟೂನುಗಳಲ್ಲಿ ನಿದ್ರೆ ಬಾರದಿರುವುದು ಬಹಳ ಹಳೆಯ ವಸ್ತು. ವಾಲ್ಟ್ ಡಿಸ್ನಿ ಸಂಸ್ಥೆಯ ಡೊನಾಲ್ಡ್ ಡಕ್ ಎಂಬ ಮುಂಗೋಪಿ ಬಾತುಕೋಳಿಯನ್ನು ನಮ್ಮ ಮಕ್ಕಳೂ ಬಲ್ಲರು. 1941ರಲ್ಲಿ ಬಂದ ‘ಅರ್ಲಿ ಟು ಬೆಡ್’ ಎಂಬ ಕಿರುಚಿತ್ರದಲ್ಲಿ ಗಡಿಯಾರದ ಟಿಕ್ ಟಿಕ್ ಸದ್ದು ಅವನನ್ನು ಮಲಗಗೊಡುವುದಿಲ್ಲ. 1948ರ ‘ಡ್ರಿಪ್ ಡಿಪ್ಪಿ ಡೊನಾಲ್ಡ್’ ಚಿತ್ರದಲ್ಲಿ ನಲ್ಲಿಯಿಂದ ತೊಟ್ಟಿಕ್ಕುವ ನೀರಿನ ಹನಿಯೇ ಶತ್ರು. ದಣಿದು ಮಲಗಿದವನ ಕಿವಿಗೆ ಒಂದೊಂದು ಹನಿಯೂ ಸುತ್ತಿಗೆಯ ಪೆಟ್ಟಿನಂತೆ ಬೀಳುತ್ತದೆ. ಅವನು ಏಳುತ್ತಾನೆ, ಉಪಾಯ ಹೂಡುತ್ತಾನೆ, ಸೋಲುತ್ತಾನೆ, ಮತ್ತೆ ಏಳುತ್ತಾನೆ. ಕೊನೆಗೆ ಬಿಲ್ಲು ಕಟ್ಟದ ಕಾರಣ ನೀರು ನಿಲ್ಲಿಸಲಾಗಿದೆ ಎಂಬ ಸುದ್ದಿ ಬಂದು ಅವನ ತಲೆ ಕೆಡುತ್ತದೆ. ಎರಡೂ ಚಿತ್ರಗಳನ್ನು ನಿರ್ದೇಶಿಸಿದವರು ಜ್ಯಾಕ್ ಕಿಂಗ್. ಚಿತ್ರಕಲೆ, ಸಂಗೀತ, ಸಮಯಪ್ರಜ್ಞೆಗಳ ದೃಷ್ಟಿಯಿಂದ ಇವು ಒಳ್ಳೆಯ ಕೃತಿಗಳೇ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಆದರೆ ನಿದ್ರಾಹೀನತೆಯನ್ನು ಕುರಿತ ಕತೆಯಾಗಿ ಇವು ಟೊಳ್ಳಾಗಿವೆ. ನಗು ಮುಗಿದ ಮೇಲೆ ಮಗುವಿನ ಮನಸ್ಸಿನಲ್ಲಿ ಉಳಿಯುವುದು ಏನೂ ಇಲ್ಲ. ಅದಕ್ಕೆ ಕಾರಣಗಳಿವೆ.

ಮೊದಲನೆಯ ಕಾರಣ, ಇಲ್ಲಿ ನಿದ್ರೆ ಕೆಡಿಸುವ ಶತ್ರು ಯಾವಾಗಲೂ ಹೊರಗಿರುತ್ತಾನೆ. ಗಡಿಯಾರವನ್ನು ಎಸೆದರೆ, ನಲ್ಲಿಯನ್ನು ಬಿಗಿದರೆ ನಿದ್ರೆ ಬರಬೇಕೆಂಬುದು ಕತೆಯ ತರ್ಕ. ನಮ್ಮ ಹಿರಿಯರ ತಿಳಿವಳಿಕೆ ಇದಕ್ಕಿಂತ ಆಳವಾದುದು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಸಂತೆಯ ಗದ್ದಲವೂ ನಿಶ್ಚಿಂತನನ್ನು ಎಬ್ಬಿಸಲಾರದು. ಚಿಂತೆಯುಳ್ಳವನಿಗೆ ಒಂದು ಹನಿ ನೀರೂ ಸಾಕು. ಮಕ್ಕಳಿಗೆ ಚಿಂತೆ ಎಲ್ಲಿಂದ ಬರಬೇಕು ಎಂದು ಕೇಳುವವರುಂಟು. ಬರೆಯದೆ ಉಳಿದ ಮನೆಗೆಲಸ, ಗೆಳೆಯರ ಹೀಯಾಳಿಕೆ, ತಂದೆತಾಯಿಗಳ ಜಗಳ, ಹೊಸದಾಗಿ ಸೇರಿದ ವಸತಿಶಾಲೆ, ಕತ್ತಲೆಯ ಭಯ ಇವೆಲ್ಲ ಮಗುವಿನ ಅಳತೆಗೆ ದೊಡ್ಡ ಚಿಂತೆಗಳೇ. ಇವುಗಳಲ್ಲಿ ಒಂದೂ ಆ ಕಾರ್ಟೂನಿನ ಮನೆಯೊಳಗೆ ಪ್ರವೇಶಿಸಿಲ್ಲ.

ಎರಡನೆಯ ಕಾರಣ, ಕತೆ ರಾತ್ರಿಗೇ ಮುಗಿಯುತ್ತದೆ. ನಿದ್ರೆಗೆಟ್ಟ ದೇಹದ ನಿಜವಾದ ಕತೆ ಶುರುವಾಗುವುದು ಮರುದಿನ ಬೆಳಿಗ್ಗೆ. ದೊಡ್ಡವರು ನಿದ್ರೆಗೆಟ್ಟರೆ ತೂಕಡಿಸುತ್ತಾರೆ. ಮಕ್ಕಳು ಅನೇಕ ವೇಳೆ ತೂಕಡಿಸುವ ಬದಲು ಚಡಪಡಿಸುತ್ತಾರೆ, ಸಣ್ಣ ಮಾತಿಗೆ ಸಿಡುಕುತ್ತಾರೆ, ಅಳುತ್ತಾರೆ, ಪಾಠದಲ್ಲಿ ಲಕ್ಷ್ಯವಿಡಲಾರರು. ಇದನ್ನು ಅರಿಯದೆ ಮನೆಯಲ್ಲಿ ‘ಹಟಮಾರಿ’ ಎನ್ನುತ್ತೇವೆ, ಶಾಲೆಯಲ್ಲಿ ‘ದಡ್ಡ’ ಎನ್ನುತ್ತೇವೆ. ನಿದ್ರೆಯ ಕೊರತೆಯನ್ನು ಸ್ವಭಾವದ ದೋಷವೆಂದು ತಿಳಿದು ಮಗುವನ್ನು ದಂಡಿಸುವುದು ಹಸಿದವನನ್ನು ಹಸಿದುದಕ್ಕಾಗಿ ದಂಡಿಸಿದಂತೆ.

ಮೂರನೆಯ ಕಾರಣ, ಕಾರ್ಟೂನಿನ ಲೋಕದಲ್ಲಿ ನಿದ್ರೆಗೆ ಗೌರವವೇ ಇಲ್ಲ. 1951ರ ‘ಸ್ಲೀಪಿ ಟೈಮ್ ಟಾಮ್’ ಚಿತ್ರದಲ್ಲಿ ರಾತ್ರಿಯಿಡೀ ಅಲೆದು ಬಂದ ಟಾಮ್ ಬೆಕ್ಕು ಹಗಲು ಎಚ್ಚರವಿರಲು ಪಡುವ ಪಾಡೇ ಹಾಸ್ಯ. ನಮ್ಮ ಮಕ್ಕಳು ಅಚ್ಚುಮೆಚ್ಚಿನಿಂದ ನೋಡುವ ಜಪಾನಿನ ಡೋರೇಮಾನ್ ಸರಣಿಯಲ್ಲಿ ನೋಬಿತನೆಂಬ ಹುಡುಗ ಕ್ಷಣಾರ್ಧದಲ್ಲಿ ನಿದ್ರಿಸಬಲ್ಲನೆಂಬುದೇ ಅವನ ಸೋಮಾರಿತನದ ಗುರುತು. ನಾವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಬೇಗ ಮಲಗುವ ಮಗುವಿಗೆ ಕುಂಭಕರ್ಣನೆಂದು ಹೆಸರಿಡುತ್ತೇವೆ. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಓದಿದ ಹುಡುಗನನ್ನು ನಾಲ್ಕು ಜನರ ಮುಂದೆ ಹೊಗಳುತ್ತೇವೆ. ಹಗಲು ಕಲಿತುದನ್ನು ಮಿದುಳು ಸ್ಮೃತಿಯಲ್ಲಿ ಭದ್ರಪಡಿಸುವುದು ನಿದ್ರೆಯಲ್ಲಿ, ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢನಿದ್ರೆಯಲ್ಲಿ. ಮಗು ಮಲಗಿದ್ದಾಗಲೂ ಅದರ ದೇಹ ದುಡಿಯುತ್ತಿರುತ್ತದೆ. ಆ ದುಡಿಮೆಗೆ ಅಡ್ಡಿಪಡಿಸಿ ಶ್ರಮಜೀವಿಯನ್ನು ರೂಪಿಸಲಾಗದು.

ಕೆಲವು ಕತೆಗಳು ಬುದ್ಧಿ ಹೇಳಲು ಹೊರಟು, ಕುರಿಗಳನ್ನು ಎಣಿಸು ಎಂಬ ಪರಿಹಾರವನ್ನು ಮುಂದಿಡುತ್ತವೆ. ನಮ್ಮ ಭಾಗದ ಕುರಿಗಾಹಿಗೆ ಕೇಳಿದರೆ ಅವನು ನಕ್ಕಾನು. ಎಣಿಕೆಯಲ್ಲಿ ಒಂದು ಕುರಿ ಕಡಿಮೆ ಬಂದರೆ ಅವನ ನಿದ್ರೆ ಹಾರಿಹೋಗುತ್ತದೆ. 2002ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು ನಿದ್ರಾಹೀನರನ್ನು ಪರೀಕ್ಷಿಸಿದಾಗ, ಹಿತವಾದ ಒಂದು ದೃಶ್ಯವನ್ನು ಮನಸ್ಸಿನಲ್ಲಿ ವಿಸ್ತಾರವಾಗಿ ಕಲ್ಪಿಸಿಕೊಂಡವರು ಇತರರಿಗಿಂತ ಬೇಗ ನಿದ್ರೆಗೆ ಜಾರಿದುದು ಕಂಡುಬಂತು. ಅಜ್ಜಿಯ ಕತೆ ಮಾಡುತ್ತಿದ್ದುದು ಇದನ್ನೇ ಅಲ್ಲವೆ? ಕಾಡು, ಹೊಳೆ, ಏಳು ಸಮುದ್ರಗಳಾಚೆಯ ರಾಜ್ಯ. ಕಣ್ಣು ಮುಚ್ಚಿದ ಮಗು ಅದನ್ನೆಲ್ಲ ತಾನೇ ಕಟ್ಟಿಕೊಳ್ಳುತ್ತ ಮಲಗುತ್ತಿತ್ತು. ಕಾರ್ಟೂನು ಆ ದೃಶ್ಯವನ್ನು ಕಟ್ಟಿಯೇ ಕೊಡುತ್ತದೆ, ಮಗು ಕಣ್ಣು ತೆರೆದೇ ಇರಬೇಕಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾರಣ ಇಲ್ಲಿಯೇ ಇದೆ. ನಿದ್ರಾಹೀನತೆಯ ಕತೆಯನ್ನು ಮಗು ನೋಡುವುದು ಹಾಸಿಗೆಯಲ್ಲಿ, ಕತ್ತಲೆಯಲ್ಲಿ, ಕಣ್ಣಿನಿಂದ ಗೇಣುದ್ದ ದೂರದ ಬೆಳಗುವ ಪರದೆಯ ಮೇಲೆ. ಕತ್ತಲಾದಂತೆ ಮಿದುಳಿನ ಪಿನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸಿ ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ಕಣ್ಣಿಗೆ ಬೀಳುವ ಬೆಳಕು, ಅದರಲ್ಲಿಯೂ ನೀಲಿ ಅಂಶದ ಬೆಳಕು, ಆ ಸ್ರಾವವನ್ನು ತಡೆಯುತ್ತದೆ. ದೊಡ್ಡವರಿಗಿಂತ ಮಕ್ಕಳಲ್ಲಿ ಈ ಪರಿಣಾಮ ಹೆಚ್ಚು. ದೇಹದೊಳಗಿನ ಈ ಗಡಿಯಾರದ ಕಾರ್ಯವಿಧಾನವನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆತಿದೆ. ಡೊನಾಲ್ಡನು ಗಡಿಯಾರದೊಡನೆ ಕಾದಾಡುವುದನ್ನು ನೋಡುತ್ತಿರುವ ಮಗುವಿನ ಒಳಗಿನ ಗಡಿಯಾರ ಅದೇ ವೇಳೆಗೆ ದಾರಿ ತಪ್ಪುತ್ತಿರುತ್ತದೆ. ಹಿಂದೆ ಚಿತ್ರ ಮುಗಿದರೆ ಮುಗಿಯಿತು. ಈಗ ಒಂದು ಮುಗಿಯುವ ಮೊದಲೇ ಇನ್ನೊಂದು ತಾನಾಗಿ ತೆರೆದುಕೊಳ್ಳುತ್ತದೆ. ಹೀಗಿರುವಾಗ ಪರದೆಯ ಮೇಲಿನ ಉಪದೇಶ ಎಷ್ಟೇ ಒಳ್ಳೆಯದಿದ್ದರೂ, ಅದನ್ನು ತಂದ ಪಾತ್ರೆಯೇ ಅದನ್ನು ಕೆಡಿಸುತ್ತದೆ.

ಕಾರ್ಟೂನು ಇರುವುದು ನಗಿಸಲು, ಅದರಿಂದ ವೈದ್ಯಶಾಸ್ತ್ರವನ್ನು ಬಯಸುವುದೇಕೆ ಎಂದು ಓದುಗರು ಕೇಳಬಹುದು. ಆಕ್ಷೇಪ ನ್ಯಾಯವಾದುದೇ. ಡೊನಾಲ್ಡನು ಯಾರಿಗೂ ನಿದ್ರೆಯ ಪಾಠ ಹೇಳುತ್ತೇನೆಂದು ಮಾತು ಕೊಟ್ಟಿಲ್ಲ. ಸಂಜೆ ಐದಕ್ಕೆ ಅವನನ್ನು ನೋಡಿ ನಕ್ಕರೆ ಯಾವ ಹಾನಿಯೂ ಇಲ್ಲ. ಒಳ್ಳೆಯ ಕಂತುಗಳೇ ಇಲ್ಲವೆಂದೂ ಅಲ್ಲ. ಆಸ್ಟ್ರೇಲಿಯಾದ ‘ಬ್ಲೂಯಿ’ ಸರಣಿಯಲ್ಲಿ 2020ರಲ್ಲಿ ಪ್ರಸಾರವಾದ ‘ಸ್ಲೀಪಿಟೈಮ್’ ಎಂಬ ಕಂತು ಮನಮುಟ್ಟುವಂತಹದು. ತನ್ನ ಹಾಸಿಗೆಯಲ್ಲಿ ತಾನೇ ಮಲಗಬೇಕೆಂದು ಬಯಸುವ ಪುಟ್ಟ ಮರಿ, ಕನಸಿನಲ್ಲಿ ಗ್ರಹಗಳ ನಡುವೆ ತೇಲುತ್ತ, ತಾಯಿಯ ಬಿಸುಪನ್ನು ಸೂರ್ಯನಂತೆ ಅನುಭವಿಸುವ ಕತೆ ಅದು. ಅದು ಗೆದ್ದುದು ಉಪಾಯ ಹೇಳಿದ್ದರಿಂದಲ್ಲ, ತಾಯಿ ಜೊತೆಗಿದ್ದಾಳೆಂಬ ಭರವಸೆಯನ್ನು ತೋರಿಸಿದ್ದರಿಂದ. ಡೊನಾಲ್ಡನ ಮನೆಯಲ್ಲಿ ಇಲ್ಲದಿದ್ದುದು ಅದೇ. ಆ ರಾತ್ರಿ ಅವನು ಒಬ್ಬಂಟಿ. ಮಗುವಿನ ನಿದ್ರೆ ಒಬ್ಬಂಟಿಯ ಕೆಲಸವಲ್ಲ, ಅದು ಇಡೀ ಮನೆಯ ಕೆಲಸ. ನಾವು ಮಾಡುತ್ತಿರುವ ತಪ್ಪೆಂದರೆ, ತಾಯಿಯ ಮಗ್ಗುಲಿನ ಜಾಗವನ್ನು, ಜೋಗುಳದ ಹೊತ್ತನ್ನು ಕಾರ್ಟೂನಿಗೆ ಬಿಟ್ಟುಕೊಟ್ಟಿರುವುದು.

ಹಾಗಾದರೆ ಮಕ್ಕಳಿಗೆ ಎಷ್ಟು ನಿದ್ರೆ ಬೇಕು? ಅಮೆರಿಕದ ನಿದ್ರಾವೈದ್ಯ ತಜ್ಞರ ಸಂಸ್ಥೆಯೊಂದು 2016ರಲ್ಲಿ ನೀಡಿದ ಸಲಹೆಯಂತೆ, ದಿನದ 24 ತಾಸುಗಳಲ್ಲಿ 1ರಿಂದ 2 ವರ್ಷದವರಿಗೆ 11ರಿಂದ 14 ತಾಸು, 3ರಿಂದ 5 ವರ್ಷದವರಿಗೆ 10ರಿಂದ 13 ತಾಸು, 6ರಿಂದ 12 ವರ್ಷದವರಿಗೆ 9ರಿಂದ 12 ತಾಸು, 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ರೆ ಬೇಕು. ಐದು ವರ್ಷದೊಳಗಿನವರಿಗೆ ಹಗಲು ನಿದ್ರೆಯೂ ಇದರಲ್ಲಿ ಸೇರಿದೆ. ಬೆಳಿಗ್ಗೆ ಆರಕ್ಕೆ ಏಳಬೇಕಾದ ನಾಲ್ಕನೆಯ ತರಗತಿಯ ಮಗು ರಾತ್ರಿ ಒಂಬತ್ತರೊಳಗೆ ಮಲಗಿದರೆ ಮಾತ್ರ ಈ ಲೆಕ್ಕ ಹೊಂದುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡು ವರ್ಷದೊಳಗಿನ ಕೂಸುಗಳಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸನ್ನು ಮೀರಬಾರದು ಎಂದಿದೆ.

ನಿದ್ರೆ ಬಾರದ ಮಗುವಿನ ದೇಹವನ್ನೂ ಪರೀಕ್ಷಿಸಬೇಕು. ರಾತ್ರಿ ಗುದದ್ವಾರದ ತುರಿಕೆಯಿಂದ ಹೊರಳಾಡುವ ಮಗುವಿಗೆ ಜಂತುಹುಳುವಿನ ಬಾಧೆ ಇರಬಹುದು. ಫೆಬ್ರುವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪಿಸಬಾರದು. ಬಾಯಿ ತೆರೆದು ಗೊರಕೆ ಹೊಡೆಯುವ, ನಡುವೆ ಉಸಿರು ಕಟ್ಟಿದಂತಾಗಿ ಬೆಚ್ಚುವ ಮಗುವಿಗೆ ಟಾನ್ಸಿಲ್ ಅಥವಾ ಮೂಗಿನ ಹಿಂಭಾಗದ ಗ್ರಂಥಿ ದಪ್ಪವಾಗಿರಬಹುದು. ಮಕ್ಕಳ ಗೊರಕೆ ಗಾಢನಿದ್ರೆಯ ಲಕ್ಷಣವಲ್ಲ. ಕಾಲು ಸೆಳೆತ, ಚಡಪಡಿಕೆಗಳ ಹಿಂದೆ ಕಬ್ಬಿಣಾಂಶದ ಕೊರತೆ ಇರಬಹುದು. ರಾತ್ರಿ ಬಿಡದೆ ಕಾಡುವ ಕೆಮ್ಮು ದಮ್ಮಿನ ಸೂಚನೆಯಾಗಿರಬಹುದು. ಇವೆಲ್ಲಕ್ಕೂ ಚಿಕಿತ್ಸೆ ಇದೆ, ವೈದ್ಯರಿಗೆ ತೋರಿಸಬೇಕಷ್ಟೆ. ಮಗು ಮಲಗಲೆಂದು ಕೆಮ್ಮಿನ ಔಷಧವನ್ನು ಕುಡಿಸುವುದಾಗಲಿ, ಜಾಯಿಕಾಯಿಯನ್ನು ತೇಯ್ದು ಕೂಸಿಗೆ ನೆಕ್ಕಿಸುವುದಾಗಲಿ ಸರ್ವಥಾ ಸಲ್ಲದು. ಪ್ರಮಾಣ ಮೀರಿದ ಜಾಯಿಕಾಯಿ ವಿಷವಾಗುತ್ತದೆ. ಮತ್ತಿನಿಂದ ಬಂದ ಮಂಪರು ನಿದ್ರೆಯಲ್ಲ.

ಹೊರಗಿನ ಸದ್ದನ್ನು ಮಾತ್ರ ದೂಷಿಸಿದುದು ಕಾರ್ಟೂನಿನ ಕೊರತೆಯೆಂದು ಮೇಲೆ ಹೇಳಿದೆವು. ಹಾಗೆಂದು ಸದ್ದಿಗೆ ಪಾಲೇ ಇಲ್ಲವೆಂದಲ್ಲ, ಆ ಪಾಲಿನಲ್ಲಿ ನಾವೂ ಪಾಲುದಾರರು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಜಾತ್ರೆಯ ನಾಟಕ, ಮದುವೆಯ ಡಿ.ಜೆ., ಗಣೇಶೋತ್ಸವಗಳಲ್ಲಿ ಈ ನಿಯಮ ಎಷ್ಟು ಪಾಲನೆಯಾಗುತ್ತಿದೆ ಎಂಬುದನ್ನು ಎಲ್ಲರೂ ಬಲ್ಲೆವು. ಶ್ರಾವಣದ ಪುರಾಣ ಪ್ರವಚನಗಳ ವ್ಯವಸ್ಥಾಪಕರೂ ಈ ಮಾತನ್ನು ತಮಗೇ ಹೇಳಿದ್ದೆಂದು ತಿಳಿಯಬೇಕು. ಒಳ್ಳೆಯ ಮಾತು ಹತ್ತರೊಳಗೆ ಮುಗಿದರೆ ಅದರ ಪುಣ್ಯವೇನೂ ಕಡಿಮೆಯಾಗದು, ಪಕ್ಕದ ಓಣಿಯ ಕೂಸು ನೆಮ್ಮದಿಯಿಂದ ಮಲಗೀತು.

ನಮ್ಮ ರೈತ ಕುಟುಂಬಗಳ ಕಷ್ಟವನ್ನು ಮರೆತು ಈ ಮಾತುಗಳನ್ನು ಹೇಳುತ್ತಿಲ್ಲ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟು ಬಂದಾಗ ಹೊಲಕ್ಕೆ ಹೋಗಿ ನೀರು ಹಾಯಿಸಲೇಬೇಕು. ಗೋವಿನಜೋಳದ ಒಕ್ಕಲಿನ ದಿನಗಳಲ್ಲಿ ಮನೆಯವರೆಲ್ಲ ಒಂಬತ್ತಕ್ಕೆ ಮಲಗುವುದು ಅಸಾಧ್ಯ. ಆದರೂ ಕೆಲವು ಕೆಲಸಗಳಿಗೆ ಹಣವೂ ಬೇಡ, ಬಿಡುವೂ ಬೇಡ. ಮಲಗುವ ಒಂದು ತಾಸು ಮೊದಲು ಟಿ.ವಿ. ಆರಿಸಬಹುದು. ಮನೆಯ ಮೊಬೈಲುಗಳೆಲ್ಲ ರಾತ್ರಿ ಒಂದೇ ಕಡೆ, ಹಾಸಿಗೆಯಿಂದ ದೂರ, ಚಾರ್ಜಿಗೆ ಇರಲಿ. ತಂದೆಯ ಮೊಬೈಲೂ ಅಲ್ಲಿಯೇ ಇದ್ದರೆ ಮಾತ್ರ ಮಗು ಈ ನಿಯಮವನ್ನು ನಂಬುತ್ತದೆ. ಸಂಜೆಯ ಮೇಲೆ ಚಹಾ ಬೇಡ. ರಜೆಯ ದಿನವೂ ಮಲಗುವ, ಏಳುವ ವೇಳೆ ಹೆಚ್ಚು ಬದಲಾಗದಿರಲಿ. ಹಗಲು ಬಿಸಿಲಿನಲ್ಲಿ ಆಡಿ ದಣಿಯಲಿ, ರಾತ್ರಿ ಸೊಳ್ಳೆಪರದೆ ಕಟ್ಟಿರಲಿ. ಹಾಸಿಗೆಯಲ್ಲಿ ಮಗುವಿನ ಪಕ್ಕ ಹತ್ತು ನಿಮಿಷ ಕುಳಿತು, ಇಂದು ಶಾಲೆಯಲ್ಲಿ ಏನಾಯಿತೆಂದು ಕೇಳಬೇಕು, ಕೇಳಿ ಸುಮ್ಮನೆ ಆಲಿಸಬೇಕು. ತಂದೆತಾಯಿಗಳಿಗೆ ಆಗದಿದ್ದರೆ ಅಜ್ಜ ಅಜ್ಜಿಯರಿದ್ದಾರೆ. ಮೊಬೈಲು ಬಂದ ಮೇಲೆ ಕೆಲಸವಿಲ್ಲದೆ ಮೂಲೆ ಸೇರಿದ ಅವರ ಕತೆಗಳಿಗೂ ಮತ್ತೆ ಕೇಳುವವರು ಸಿಕ್ಕಂತಾಗುತ್ತದೆ.

ಡೊನಾಲ್ಡನ ರಾತ್ರಿ ಏಳು ನಿಮಿಷಗಳಲ್ಲಿ ಮುಗಿಯುತ್ತದೆ, ನಮ್ಮ ಮಕ್ಕಳ ರಾತ್ರಿ ಹಾಗೆ ಮುಗಿಯುವುದಿಲ್ಲ. ಅವರ ಹಗಲು ಚೆನ್ನಾಗಿರಬೇಕೆಂದು ಬಯಸುವವರು ಅವರ ರಾತ್ರಿಯನ್ನು ಕಾಯಬೇಕು. ಓದುಗರು ಇಂದು ರಾತ್ರಿಯಿಂದಲೇ ಮಗುವಿನ ಹಾಸಿಗೆಯಿಂದ ಮೊಬೈಲನ್ನು ತೆಗೆದಿಟ್ಟು, ಆ ಜಾಗದಲ್ಲಿ ತಾವು ಕುಳಿತುಕೊಳ್ಳಲಿ.