ಹದಿನಾರು ಗಂಟೆಯ ವಿಮಾನ, ಮೂವತ್ತನಾಲ್ಕು ಗಂಟೆಯ ದಾರಿ

ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ಗ್ಲೋಬಿನ ಮೇಲೆ ದಾರ ಎಳೆದು ಅಳೆದರೆ ಸುಮಾರು 12,400 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗ ಎಂದುಕೊಂಡರೆ ಹದಿನಾಲ್ಕು ಗಂಟೆಯೊಳಗೆ ಮುಟ್ಟಬೇಕು. ಮೊಬೈಲಿನಲ್ಲಿ ಹುಡುಕಿದರೂ ಇಂಥದೇ ಲೆಕ್ಕ ಸಿಗುತ್ತದೆ. ಆದರೆ ವಿಮಾನ ಆ ದಾರದ ಮೇಲೆಯೇ ಹಾರುವುದಿಲ್ಲ.

2016ರ ಅಕ್ಟೋಬರ್‌ವರೆಗೆ ಏರ್ ಇಂಡಿಯಾದ ಈ ವಿಮಾನ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. ಆ ತಿಂಗಳು ಅದನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಹಾರಿಸಿದರು. ದೂರ ಸುಮಾರು 15,300 ಕಿ.ಮೀ.ಗೆ ಏರಿತು. ಹೊತ್ತು ಮಾತ್ರ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಅಂದರೆ 1,400 ಕಿ.ಮೀ. ಸುತ್ತಿ ಬಂದರೂ ಸುಮಾರು ಎರಡು ಗಂಟೆ ಉಳಿತಾಯ.

ಇದು ಭೂಮಿ ತಿರುಗುವುದರ ಲಾಭ ಎಂದು ಹಲವರು ಹೇಳುತ್ತಾರೆ. ಅಲ್ಲ, ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ನಿಜವಾದ ಕಾರಣ ಜೆಟ್ ಸ್ಟ್ರೀಮ್. ನೆಲದಿಂದ ಒಂಬತ್ತು-ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಈ ಗಾಳಿ ಚಳಿಗಾಲದಲ್ಲಿ ಇನ್ನೂ ಜೋರು. ಅದರ ಜೊತೆ ಹೋದವರಿಗೆ ಅದು ಬೆನ್ನು ತಳ್ಳುತ್ತದೆ, ಎದುರು ಬಂದವರಿಗೆ ಎದೆಗೆ ಒದೆಯುತ್ತದೆ. ಅದಕ್ಕೇ ಒಂದೇ ಎರಡು ಊರುಗಳ ನಡುವೆ ಹೋಗುವ ಹೊತ್ತು, ಬರುವ ಹೊತ್ತು ಬೇರೆ ಬೇರೆ. ದೆಹಲಿ-ಬೆಂಗಳೂರು ನಡುವೆ ಓಡಾಡುವ ನಮಗೆ ಇದು ಅಷ್ಟಾಗಿ ತಿಳಿಯುವುದಿಲ್ಲ. ನಮ್ಮ ದಾರಿ ಉತ್ತರ-ದಕ್ಷಿಣ.

ಇಷ್ಟೆಲ್ಲ ಲೆಕ್ಕ ಯಾಕೆ ಬೇಕು ಎಂದರೆ, ಊರಿಂದ ಕೆಟ್ಟ ಸುದ್ದಿ ಬಂದ ದಿನ ಬೇಕು. ಕ್ಯಾಲಿಫೋರ್ನಿಯಾದಲ್ಲಿರುವ ಮಗ, ಶಿವಮೊಗ್ಗದಲ್ಲಿ ತಂದೆ ಎಂದಿಟ್ಟುಕೊಳ್ಳಿ. ಬೇಸಿಗೆಯ ಶುಕ್ರವಾರ ಬೆಳಿಗ್ಗೆ ಆರಕ್ಕೆ ಮಗ ಮನೆ ಬಿಡುತ್ತಾನೆ. ಆಗ ನಮ್ಮಲ್ಲಿ ಸಂಜೆ ಆರೂವರೆ. ಅಲ್ಲಿ ಹತ್ತಕ್ಕೆ ವಿಮಾನ ಹೊರಟು ಹದಿನಾರು ಗಂಟೆ ಹಾರಿದರೆ, ದೆಹಲಿಗೆ ಶನಿವಾರ ಮಧ್ಯಾಹ್ನ ಎರಡೂವರೆ. ಇಮಿಗ್ರೇಶನ್, ಲಗೇಜ್, ಕಸ್ಟಮ್ಸ್ ಮುಗಿಸಿ ಸಂಜೆ ಆರೂವರೆಯ ವಿಮಾನ ಹಿಡಿದರೆ ಬೆಂಗಳೂರಿಗೆ ಒಂಬತ್ತೂಕಾಲು. ಹೊರಗೆ ಬಂದು ಕಾರು ಹತ್ತುವಾಗ ಹತ್ತು. ಶಿವಮೊಗ್ಗದ ಮನೆ ಬಾಗಿಲಿಗೆ ಭಾನುವಾರ ನಸುಕಿನ ನಾಲ್ಕೂವರೆ. ಎಲ್ಲೂ ತಡವಾಗದಿದ್ದರೂ ಮೂವತ್ತನಾಲ್ಕು ಗಂಟೆ.

ಆದರೆ ಫೋನಿನಲ್ಲಿ ಮಗ ಹೇಳುವುದು "ಹದಿನಾರು ಗಂಟೆ ಫ್ಲೈಟು, ಬಂದೇಬಿಡ್ತೀನಿ" ಎಂದು. ಮನೆಯವರು ಶನಿವಾರ ಮಧ್ಯಾಹ್ನದಿಂದಲೇ ಬಾಗಿಲು ನೋಡುತ್ತಾರೆ. ಕಾಯುವುದೋ, ಕಾರ್ಯ ಮುಗಿಸುವುದೋ ಎಂದು ಹಿರಿಯರು ತೀರ್ಮಾನಿಸುವುದೂ ಆ ಒಂದು ಮಾತಿನ ಮೇಲೆಯೇ.

ಹಾಗಾಗಿ ವಿದೇಶದಲ್ಲಿರುವ ತಮ್ಮನಿಗೋ ಅಕ್ಕನಿಗೋ ಇದನ್ನು ಈಗಲೇ ಹೇಳಿಡಿ. ವಿಮಾನದ ಹೊತ್ತು ಬೇಡ, ಆ ಬಾಗಿಲಿನಿಂದ ಈ ಬಾಗಿಲಿಗೆ ಎಷ್ಟು ಎಂದು ಒಮ್ಮೆ ಕೂತು ಲೆಕ್ಕ ಹಾಕಿ ಬರೆದಿಡಲಿ. ಫೋನ್ ಬಂದ ರಾತ್ರಿ ಯಾರಿಗೂ ಕೂಡಿಸಿ ಕಳೆಯುವಷ್ಟು ತಲೆ ಓಡುವುದಿಲ್ಲ.