ಸೆರೆಂಗೆಟಿ ಸಿಂಹಗಳ ಬೆನ್ನುಹತ್ತಿ
ತಾಂಜಾನಿಯಾದ ಸೆರೆಂಗೆಟಿಯಲ್ಲಿ 1966ರಲ್ಲಿ ಜಾರ್ಜ್ ಶಾಲರ್ ಶುರುಮಾಡಿದ ಸಿಂಹಗಳ ಅಧ್ಯಯನ ದಶಕಗಳ ಕಾಲ ಮುಂದುವರಿಯಿತು. ಜೀಪಿನಲ್ಲಿ ಕೂತ ಸಂಶೋಧಕರು ಮೊದಲು ನೋಡುವುದು ಸಿಂಹದ ಮೀಸೆಯನ್ನು: ಮೇಲಿನ ಸಾಲಿನ ಮೀಸೆಗಳ ಮೇಲ್ಭಾಗದಲ್ಲಿರುವ ಕಪ್ಪು ಚುಕ್ಕೆಗಳ ವಿನ್ಯಾಸ ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ, ಮುಪ್ಪಿನವರೆಗೂ ಬದಲಾಗುವುದೂ ಇಲ್ಲ. ಇಡೀ ಗುಂಪನ್ನು ಹುಡುಕಲು ರೇಡಿಯೊ ಕಾಲರ್ ಗುಂಪಿಗೊಂದು ಹೆಣ್ಣಿನ ಕೊರಳಿಗೆ ಹಾಕಿದರೆ ಸಾಕು. ಅಜ್ಜಿ, ತಾಯಿ, ಮಗಳು ಸಾಮಾನ್ಯವಾಗಿ ಹುಟ್ಟಿದ ನೆಲ ಬಿಟ್ಟು ಕದಲುವುದಿಲ್ಲ; ಗಂಡುಗಳೋ ಎರಡು-ಮೂರು ವರ್ಷ ಆಳುವಷ್ಟರಲ್ಲಿ ಹೊಸಬರು ಬಂದು ಓಡಿಸುತ್ತಾರೆ. ಗುಂಪುಗಳು ಹಾತೊರೆಯುವುದು ಹೊಳೆಗಳು ಕೂಡುವ ಜಾಗಕ್ಕೆ. ಅಲ್ಲಿ ನೀರಿದೆ, ಹೊಂಚು ಹಾಕಲು ಪೊದೆಯಿದೆ, ಕುಡಿಯಲು ಬರುವ ಜೀಬ್ರಾಗಳಿವೆ. ಹೆಣ್ಣುಗಳ ಸಂಖ್ಯೆ ಹೆಚ್ಚಿರುವ ಗುಂಪಿಗೇ ಅಂಥ ತಾಣ ದಕ್ಕುವುದು ಹೆಚ್ಚು. ಹಾಗಾಗಿ ಒಂದೆರಡು ಹೆಣ್ಣು ಸಿಂಹ ಸತ್ತರೂ ಸಂಶೋಧಕರ ನಕ್ಷೆಯಲ್ಲಿ ಆ ಗುಂಪಿನ ಗಡಿಗೆರೆ ಹಿಂದೆ ಸರಿಯಬಹುದು.