‘ಅವರ ಇಷ್ಟ’ ಅಂದ್ರೆ ಯಾರ ಇಷ್ಟ?

ನೆಟ್‌ಫ್ಲಿಕ್ಸಲ್ಲಿ ‘ಕೀಪ್ ಸ್ವೀಟ್: ಪ್ರೇ ಅಂಡ್ ಒಬೇ’ ನೋಡಿ ಬಂದ ಗೆಳೆಯನೊಬ್ಬ ಆಫೀಸಿನ ಕಾಫಿ ಹೀರುತ್ತಾ ತೀರ್ಪು ಕೊಟ್ಟ: ‘ಅವರ ಧರ್ಮ, ಅವರ ಇಷ್ಟ. ಹತ್ತು ಮದುವೆ ಆಗ್ಲಿ, ನಮಗೇನು?’

ಕೇಳೋಕೆ ಉದಾರವಾದ ಮಾತೇ. ಆದರೆ ಯಾರ ಇಷ್ಟ, ಸ್ವಾಮಿ? ಅಲ್ಲಿ ಹುಟ್ಟಿದ ಮಗುವನ್ನ ಯಾರಾದ್ರೂ ಕೇಳಿದ್ರಾ?

ಮಾರ್ಮನ್ ಚರ್ಚು ಬಹುಪತ್ನಿತ್ವವನ್ನು ಬಿಡುವುದಾಗಿ 1890ರಲ್ಲೇ ಘೋಷಿಸಿತು. ಬಿಡಲೊಪ್ಪದ ಕೆಲವರು ಮುಂದೆ ಯೂಟಾ-ಅರಿಝೋನಾ ಗಡಿಯ ಶಾರ್ಟ್ ಕ್ರೀಕ್‌ನಲ್ಲಿ ನೆಲೆಯೂರಿದರು. ಅಲ್ಲಿ ಮನೆ, ಜಮೀನು ಎಲ್ಲಾ ಪಂಥದ ಟ್ರಸ್ಟಿನದಾಗಿತ್ತು. ಮುಖಂಡ ಮುನಿದರೆ ಹೆಂಡತಿ, ಮಕ್ಕಳು, ಸೂರು ಒಟ್ಟಿಗೇ ಕೈತಪ್ಪುತ್ತಿದ್ದವು. 2000ರಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿ ಅಂತ ಆಜ್ಞೆಯಾಯಿತು. ಹೊರಜಗತ್ತು ಕಾಣುತ್ತಿದ್ದ ಒಂದು ಕಿಟಕಿಯೂ ಮುಚ್ಚಿತು.

ಇನ್ನು ಲೆಕ್ಕ ನೋಡಿ. ಒಬ್ಬನಿಗೆ ಹತ್ತು ಹೆಂಡತಿಯರಾದರೆ ಒಂಬತ್ತು ಹುಡುಗರು ‘ಹೆಚ್ಚುವರಿ’. ಸಿನಿಮಾ ನೋಡಿದ, ಹುಡುಗಿ ಜೊತೆ ಮಾತಾಡಿದ ಅನ್ನೋ ನೆಪಕ್ಕೆಲ್ಲಾ ಹದಿಹರೆಯದವರನ್ನು ಊರಾಚೆ ತಳ್ಳಿದರು. ಹುಡುಗಿಯರ ಪಾಡು ಇನ್ನೂ ಘೋರ. ಮುಖಂಡ ವಾರೆನ್ ಜೆಫ್ಸ್‌ಗೆ 2011ರಲ್ಲಿ ಟೆಕ್ಸಾಸ್ ಕೋರ್ಟು ಜೀವಾವಧಿ, ಮೇಲೆ 20 ವರ್ಷ ಶಿಕ್ಷೆ ಕೊಟ್ಟಿತು. ಅವನು ‘ಪತ್ನಿಯರು’ ಎಂದು ಕರೆದಿದ್ದ ಆ ಇಬ್ಬರು ಬಾಲಕಿಯರ ವಯಸ್ಸು 12 ಮತ್ತು 15.

ಹಾಗಂತ ಸರ್ಕಾರ ಲಾಠಿ ಹಿಡಿದು ನುಗ್ಗಬೇಕಿತ್ತಾ? 1953ರಲ್ಲಿ ನುಗ್ಗಿತು. ತಾಯಂದಿರಿಂದ ಕಿತ್ತುಕೊಂಡ ಮಕ್ಕಳ ಫೋಟೋ ನೋಡಿ ಜನ ಮರುಗಿದರು. ಮರುವರ್ಷ ಅರಿಝೋನಾ ಗವರ್ನರ್ ಚುನಾವಣೆ ಸೋತರು. ಆಮೇಲೆ ದಶಕಗಳ ಕಾಲ ರಾಜಕಾರಣಿಗಳು ಆ ಕಡೆ ತಲೆ ಹಾಕಲಿಲ್ಲ. 2008ರಲ್ಲಿ ಟೆಕ್ಸಾಸ್ 400ಕ್ಕೂ ಹೆಚ್ಚು ಮಕ್ಕಳನ್ನು ಒಟ್ಟಿಗೇ ಎತ್ತಿಕೊಂಡು ಹೋಯಿತು. ಇದು ಸರಿಯಲ್ಲ ಅಂತ ಕೋರ್ಟು ಹೇಳಿ, ಮಕ್ಕಳು ವಾಪಸಾದರು. ಒಮ್ಮೆ ದಾಳಿ, ಆಮೇಲೆ ಮೌನ, ಮತ್ತೆ ದಾಳಿ. ಈ ಎರಡರ ನಡುವೆ ಆಗಬೇಕಿದ್ದ ಕೆಲಸವೇ ಬಿಟ್ಟುಹೋಯಿತು: ಪ್ರತಿ ಮಗುವೂ ಶಾಲೆಗೆ ಹೋಗ್ತಿದೆಯಾ, ಹುಡುಗಿಗೆ ಮದುವೆ ವಯಸ್ಸಾಗಿದೆಯಾ, ಬೇಡ ಅನ್ನಿಸಿದವರಿಗೆ ಹೊರಗೆ ಬರೋಕೆ ದಾರಿಯಿದೆಯಾ ಅಂತ ದಿನದಿನವೂ ವಿಚಾರಿಸೋದು.

ಹಿರಿಯರು ಏನನ್ನು ಬೇಕಾದರೂ ನಂಬಲಿ, ಅದು ಅವರ ಹಕ್ಕು. ಬಾಗಿಲಿಗೆ ಹೊರಗಿಂದ ಚಿಲಕ ಹಾಕಿ, ‘ಒಳಗಿರೋದು ಮಗುವಿನ ಇಷ್ಟ’ ಅನ್ನುವ ಹಕ್ಕು ಯಾವ ಧರ್ಮಕ್ಕೂ ಇಲ್ಲ. ಚಿಲಕ ನೋಡಿಯೂ ‘ನಮಗೇನು’ ಅಂತ ಕಾಫಿ ಹೀರುವುದು ಉದಾರತೆ ಅಲ್ಲ ಗೆಳೆಯಾ, ಬರೀ ಸೋಮಾರಿತನ.